ಬೋರ್ಡಿನ ಬೆನ್ನು

ಗ್ರಂಥಾಲಯದ ಹೆಸರು ಬದಲಾಗಿತ್ತು. ಹಳೇ ಬೋರ್ಡ್ ಇಳಿಸಿ ಹೊಸದು ಹಾಕಬೇಕಿತ್ತು. ಹಳೇದನ್ನು ಹಾಕಿದ್ದೂ ನಾನೇ, 6 ವರ್ಷದ ಹಿಂದೆ, ಈ ಕೆಲಸ ಶುರು ಮಾಡಿದ ಹೊಸದರಲ್ಲಿ. ತಾನು ಹಾಕಿದ ಬೋರ್ಡನ್ನು ತಾನೇ ಇಳಿಸುವ ಅವಕಾಶ ನಮ್ಮ ಕೆಲಸದಲ್ಲಿ ಅಪರೂಪ. ಹಾಕಿದ ದಿನ ಫೋಟೋ ತೆಗೆದುಕೊಂಡು ಬಂದುಬಿಡುತ್ತೇವೆ. ಆಮೇಲೆ ಮಳೆ, ಬಿಸಿಲು, ಗಾಳಿ ಅದಕ್ಕೆ ಏನು ಮಾಡಿದವು ಅಂತ ಹೋಗಿ ನೋಡುವವರು ಕಡಿಮೆ.

ಕೆಳಗೆ ನಿಂತು ನೋಡಿದಾಗ ಪರವಾಗಿಲ್ಲ ಅನ್ನಿಸಿತು. 8 ಅಡಿ ಉದ್ದ, 3 ಅಡಿ ಎತ್ತರ. ಕಬ್ಬಿಣದ ಚೌಕ ಪೈಪಿನ ಫ್ರೇಮ್, ಅದರ ಮೇಲೆ 3 ಮಿಲಿಮೀಟರ್ ಎಸಿಪಿ ಶೀಟ್, ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಶೀಟ್. ಶೀಟಿನ ಮೇಲೆ ವಿನೈಲ್ ಅಕ್ಷರ, ಅಂದರೆ ಪ್ಲಾಸ್ಟಿಕ್ ಸ್ಟಿಕ್ಕರಿನಲ್ಲಿ ಕತ್ತರಿಸಿದ್ದು. ಕೆಂಪು ಅಕ್ಷರಗಳು ಗುಲಾಬಿಗೆ ತಿರುಗಿದ್ದವು. ಕಪ್ಪು ಹಾಗೇ ಇತ್ತು. ಅದು ಗೊತ್ತಿದ್ದ ವಿಷಯವೇ. ಬಿಸಿಲಿಗೆ ಮೊದಲು ಸೋಲುವುದು ಕೆಂಪು, ಹಳದಿ.

ನಾನು ಒಂದು ಏಣಿ ಹತ್ತಿದೆ, ಜೊತೆಗೆ ಕೆಲಸ ಮಾಡುವ ಹುಡುಗ ಇನ್ನೊಂದು ಏಣಿ ಹತ್ತಿದ. ಎಡಗಡೆ ಮೇಲಿನ ಸ್ಕ್ರೂಗೆ ಸ್ಪ್ಯಾನರ್ ಇಟ್ಟೆ. ತಿರುಗಿಸುವ ಮೊದಲೇ ಅದು ಅಲುಗಾಡಿತು. ಸ್ಪ್ಯಾನರ್ ತೆಗೆದು ಎರಡು ಬೆರಳಲ್ಲಿ ಎಳೆದೆ. ಗೋಡೆಯೊಳಗಿದ್ದ ಪ್ಲಾಸ್ಟಿಕ್ ಪ್ಲಗ್ಗಿನ ಸಮೇತ ಹೊರಗೆ ಬಂತು.

ಹುಡುಗ ನನ್ನ ಮುಖ ನೋಡಿದ. ‘ಅಣ್ಣಾ, ಈ ಕಡೇದೂ ಹಂಗೇ ಇದೆ’ ಅಂದ.

ಇಡೀ ಬೋರ್ಡಿಗೆ ನಾನು ಹಾಕಿದ್ದು ನಾಲ್ಕೇ ಪ್ಲಗ್. ಅದರಲ್ಲಿ ಮೇಲಿನ ಎರಡೂ ಲೆಕ್ಕಕ್ಕೆ ಮಾತ್ರ ಇದ್ದವು. ಕೆಳಗಿನ ಎರಡು ಹಿಡಿದುಕೊಂಡಿದ್ದವು ಅಷ್ಟೇ. ನೇರ ಕೆಳಗೆ ಒಂದು ಕಲ್ಲಿನ ಬೆಂಚ್ ಇದೆ. ಗ್ರಂಥಾಲಯ ತೆಗೆಯುವವರೆಗೂ ಮಕ್ಕಳು ಅಲ್ಲೇ ಕೂತು ಕಾಯುತ್ತಾರೆ. ಅವತ್ತು ಬೆಳಗ್ಗೆಯೂ ಇಬ್ಬರು ಕೂತಿದ್ದರು, ಏಣಿ ಇಡಬೇಕು ಅಂತ ನಾವೇ ಎಬ್ಬಿಸಿದ್ದೆವು.

ಬೋರ್ಡನ್ನು ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದೆವು. ಒಂದು ಕಡೆ ವಾಲಿಸಿದ್ದೇ ತಡ, ಕೆಳಗಿನ ಪೈಪಿನ ತುದಿಯಿಂದ ಕೆಂಪು ನೀರು ಸುರಿಯಿತು. ಹುಡುಗನ ತೋಳೆಲ್ಲ ತುಕ್ಕಿನ ಬಣ್ಣ. ಮಳೆ ನಿಂತು ಮೂರು ದಿನ ಆಗಿತ್ತು. ಆದರೂ ಪೈಪಿನೊಳಗೆ ಅಷ್ಟು ನೀರು! ನಾನು ಅವತ್ತು ಪೈಪಿನ ಹೊರಮೈಗೆ ಎರಡು ಕೋಟ್ ಬಣ್ಣ ಬಳಿದಿದ್ದೆ. ಒಳಮೈ ನೆನಪಿಗೇ ಬಂದಿರಲಿಲ್ಲ. ತುದಿಗಳನ್ನು ಮುಚ್ಚಿರಲಿಲ್ಲ, ನೀರು ಹೊರಗೆ ಹೋಗಲು ಕೆಳಗೆ ತೂತೂ ಇಟ್ಟಿರಲಿಲ್ಲ. ನೀರು ಒಳಗೆ ಬರುವುದಕ್ಕೆ ದಾರಿ ಇತ್ತು, ಹೋಗುವುದಕ್ಕೆ ಇರಲಿಲ್ಲ.

ಬೋರ್ಡನ್ನು ನೆಲದ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿದೆವು. ಬೆನ್ನು ನೋಡಿದಾಗ ನಿಜವಾದ ಕಥೆ ಕಂಡಿತು. ಫ್ರೇಮನ್ನು ಗೋಡೆಗೆ ಒತ್ತಿ ಹಾಕಿದ್ದರಿಂದ ಸಂದಿಯಲ್ಲಿ ಗಾಳಿ ಆಡಿಲ್ಲ. ಪಾಚಿ ಕಟ್ಟಿದೆ, ಹಲ್ಲಿ ಮೊಟ್ಟೆಯ ಚಿಪ್ಪು ಅಂಟಿದೆ. ಕಬ್ಬಿಣದ ಸ್ಕ್ರೂ ಅಲ್ಯೂಮಿನಿಯಂ ಶೀಟಿಗೆ ತಾಗಿದ ಕಡೆಯಲ್ಲೆಲ್ಲ ಬಿಳಿ ಪುಡಿ. ಬೆರಳಲ್ಲಿ ಒರೆಸಿದರೆ ಸೀಮೆಸುಣ್ಣದ ಹಾಗೆ ಬರುತ್ತಿತ್ತು. ಎರಡು ಬೇರೆ ಬೇರೆ ಲೋಹ ಒದ್ದೆಯಲ್ಲಿ ಒಂದಕ್ಕೊಂದು ತಾಗಿದ್ದರೆ ಅವುಗಳ ನಡುವೆ ಸಣ್ಣ ಕರೆಂಟ್ ಹರಿಯುತ್ತದೆ. ಎರಡರಲ್ಲಿ ಒಂದು ಸವೆಯುತ್ತಾ ಹೋಗುತ್ತದೆ. ಇಲ್ಲಿ ಸವೆದದ್ದು ಅಲ್ಯೂಮಿನಿಯಂ. ಆ ಪುಡಿ ಅದರದ್ದೇ. ಸ್ಕ್ರೂ ಕೂರುವ ತೂತು ದೊಡ್ಡದಾಗಿ ಶೀಟ್ ಅದರ ಸುತ್ತ ಸಡಿಲವಾಗಿತ್ತು.

ಇನ್ನೊಂದು ನನ್ನ ತಪ್ಪು ಸಿಲಿಕೋನ್. ಶೀಟನ್ನು ಫ್ರೇಮಿಗೆ ಅಂಟಿಸಲು ಸುಲಭವಾಗಿ ಸಿಕ್ಕಿದ ಟ್ಯೂಬ್ ತಂದಿದ್ದೆ. ಹಚ್ಚುವಾಗ ಮೂಗಿಗೆ ಹೊಡೆಯುವ ಹುಳಿ ವಾಸನೆ ಬರುತ್ತಿತ್ತಲ್ಲ, ಅದು ಒಣಗುವಾಗ ಬಿಡುವ ಆಮ್ಲ. ಗಾಜಿಗಾದರೆ ಅದು ಸರಿ. ಲೋಹಕ್ಕೆ ಅಲ್ಲ. ಆ ಸಿಲಿಕೋನನ್ನು ಕೆತ್ತಿ ತೆಗೆದಾಗ ಅದರ ಕೆಳಗೇ ತುಕ್ಕು ಜಾಸ್ತಿ ಇತ್ತು. ಬೋರ್ಡಿಗೆ ಹಾಕಬೇಕಾದ್ದು ಹುಳಿ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್.

ಪ್ಲಗ್ ಯಾಕೆ ಬಿಟ್ಟುಕೊಂಡಿತು ಅಂತ ಆ ತೂತಿಗೆ ಹೋಗಿ ಅಳೆದೆ. ಗೋಡೆಯ ಪ್ಲಾಸ್ಟರ್ 22 ಮಿಲಿಮೀಟರ್ ದಪ್ಪ. ನನ್ನ ಪ್ಲಗ್ 35 ಮಿಲಿಮೀಟರ್ ಉದ್ದ. ಅಂದರೆ ಇಟ್ಟಿಗೆಯೊಳಗೆ ಹೋಗಿದ್ದು ಬರೀ 13. ಉಳಿದದ್ದೆಲ್ಲ ಪ್ಲಾಸ್ಟರಿನಲ್ಲಿ. ಪ್ಲಾಸ್ಟರ್ ಗೋಡೆಯ ಬಟ್ಟೆ, ಗೋಡೆ ಅಲ್ಲ. ಅದರ ಮೇಲೆ ಭಾರ ಹಾಕುವ ಹಾಗಿಲ್ಲ.

ಗ್ರಂಥಾಲಯದ ಮೇಡಂ ಹೊರಗೆ ಬಂದರು. ‘ಏನೂ ಆಗಲಿಲ್ಲವಲ್ಲ, ಮನಸ್ಸಿಗೆ ಹಚ್ಕೋಬೇಡಿ’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಜೇಬಿನಿಂದ ಮಾರ್ಕರ್ ತೆಗೆದು ಆ ಬೋರ್ಡಿನ ಬೆನ್ನ ಮೇಲೇ ಲೆಕ್ಕ ಹಾಕಲು ಕೂತೆ. ಗಾಳಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಒಂದು ಚದರ ಮೀಟರಿಗೆ ಸುಮಾರು 25 ಕೆಜಿ ಭಾರದಷ್ಟು ಒತ್ತಡ. ಈ ಬೋರ್ಡ್ 2.2 ಚದರ ಮೀಟರ್. ಹತ್ತಿರ ಹತ್ತಿರ 55 ಕೆಜಿ. ವೇಗ ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 220 ಕೆಜಿ. ಬೋರ್ಡ್ ತೂಗುವುದು ಅದರಲ್ಲಿ ಒಂದು ಸಣ್ಣ ಪಾಲು. 6 ವರ್ಷದ ಹಿಂದೆ ನಾನು ಯೋಚನೆ ಮಾಡಿದ್ದು ತೂಕದ ಬಗ್ಗೆ ಮಾತ್ರ. ಗಾಳಿ ಬೋರ್ಡನ್ನು ಕೆಳಗೆ ಎಳೆಯುವುದಿಲ್ಲ. ಗೋಡೆಯಿಂದ ಆಚೆ ಕೀಳುತ್ತದೆ. ಬಿಟ್ಟು ಬಿಟ್ಟು ಬೀಸುತ್ತಾ, ಅಲುಗಾಡಿಸುತ್ತಾ, ದಿನಾ ಸ್ವಲ್ಪ ಸ್ವಲ್ಪ.

ತಂದಿದ್ದ ಹೊಸ ಬೋರ್ಡನ್ನು ಅವತ್ತು ಹಾಕಲಿಲ್ಲ. ಅದರ ಫ್ರೇಮೂ ಹಳೇ ರೀತಿಯಲ್ಲೇ ಇತ್ತು. ಎರಡು ದಿನ ಕೊಡಿ ಅಂತ ಕೇಳಿಕೊಂಡೆ.

ಮೇಡಂಗೆ ಮರದ ಬೋರ್ಡ್ ಇಷ್ಟ ಇತ್ತು. ನನಗೂ ಇಷ್ಟವೇ. ಆದರೆ ಮರ ನೀರು ಕುಡಿಯುವುದು ಮುಖಕ್ಕಿಂತ ಕತ್ತರಿಸಿದ ಅಂಚಿನಿಂದ ಜಾಸ್ತಿ. ಆ ಅಂಚಿಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಾ ಇರಬೇಕು. ನೋಡಿಕೊಳ್ಳುವವರು ಇಲ್ಲದ ಎತ್ತರದ ಗೋಡೆಗೆ ಅದು ಬೇಡ ಅಂದೆ, ಒಪ್ಪಿದರು. ಶೀಟ್ ಎಸಿಪಿಯನ್ನೇ ಇಟ್ಟುಕೊಂಡೆ. ಅದರ ತಪ್ಪೇನೂ ಇರಲಿಲ್ಲ. 6 ವರ್ಷ ಆದರೂ ಶೀಟ್ ನೇರವಾಗಿಯೇ ಇತ್ತು.

ವಿನೈಲ್ ಮಾತ್ರ ಬದಲಾಯಿಸಿದೆ. ಹಳೇ ಅಕ್ಷರಗಳ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು. ಹತ್ತಿರದಿಂದ ನೋಡಿದರೆ ಅದು ಧೂಳು. ವಿನೈಲ್ ಕುಗ್ಗಿ ಹಿಂದೆ ಸರಿದಿದೆ, ಅದು ಬಿಟ್ಟುಹೋದ ಅಂಟಿಗೆ ಧೂಳು ಮೆತ್ತಿಕೊಂಡಿದೆ. ರೋಲರುಗಳ ನಡುವೆ ಒತ್ತಿ ಹಿಗ್ಗಿಸಿ ಮಾಡುವ ವಿನೈಲ್ ಬಿಸಿಲಿನಲ್ಲಿ ಮೊದಲಿನ ಅಳತೆಗೆ ಹೋಗಲು ನೋಡುತ್ತದೆ. ದ್ರವವನ್ನು ತೆಳ್ಳಗೆ ಹರಡಿ ಒಣಗಿಸುವ ಕಾಸ್ಟ್ ವಿನೈಲಿಗೆ ಆ ಎಳೆತ ಇಲ್ಲ. ದುಬಾರಿ ಹೌದು, ಆದರೆ ಹೊರಗೋಡೆಗೆ ಅದೇ ಬೇಕು.

ಫ್ರೇಮಿಗೆ ಈ ಸಲ ಅಲ್ಯೂಮಿನಿಯಂ. ಸ್ಕ್ರೂಗಳು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಸಮುದ್ರದ ಉಪ್ಪು ಗಾಳಿ ಇರುವ ಕಡೆ 316 ಬೇಕಾಗುತ್ತಿತ್ತು. ಸ್ಟೇನ್‌ಲೆಸ್ ಹಾಕಿದರೆ ಮುಗಿಯಿತು ಅಂದುಕೊಳ್ಳಬಾರದು. ಅದು ತಾಗಿದರೂ ಅಲ್ಯೂಮಿನಿಯಂ ಸವೆಯುತ್ತದೆ. ಹಾಗಾಗಿ ಪ್ರತಿ ಸ್ಕ್ರೂ ತಲೆಯ ಕೆಳಗೆ ಒಂದು ನೈಲಾನ್ ವಾಷರ್.

ಶೀಟಿನ ತೂತುಗಳನ್ನು ಸ್ಕ್ರೂಗಿಂತ ದೊಡ್ಡದಾಗಿ ಕೊರೆದೆ. ಹುಡುಗ ಗಾಬರಿಯಾದ. ‘ಅಣ್ಣಾ, ಲೂಸ್ ಆಗಲ್ವಾ?’ ಅಂತ ಕೇಳಿದ. ಅವನಿಗೆ ಲೆಕ್ಕ ತೋರಿಸಿದೆ. 8 ಅಡಿ ಅಲ್ಯೂಮಿನಿಯಂ 40 ಡಿಗ್ರಿ ಜಾಸ್ತಿ ಬಿಸಿಯಾದರೆ 2 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಶೀಟ್ ಆದರೆ ಅದರ ಮೂರು ಪಟ್ಟು. ರಾತ್ರಿ ಮತ್ತೆ ಕುಗ್ಗುತ್ತದೆ. ಬೆಳೆಯಲು ಜಾಗ ಕೊಡದಿದ್ದರೆ ಶೀಟ್ ಉಬ್ಬುತ್ತದೆ, ಅಕ್ರಿಲಿಕ್ ಆಗಿದ್ದರೆ ಸ್ಕ್ರೂ ತೂತಿನಿಂದಲೇ ಸೀಳುತ್ತದೆ. ನಟ್ಟನಡುವಿನ ಒಂದು ಸ್ಕ್ರೂ ಮಾತ್ರ ಗಟ್ಟಿ ಹಿಡಿಯಬೇಕು. ಉಳಿದವು ಸರಿದಾಡಬೇಕು. ಡ್ರಿಲ್ ಮಿಷಿನ್ನಿನಿಂದ ರಪ್ಪಂತ ಬಿಗಿ ಮಾಡಬೇಡ ಅಂತಲೂ ಹೇಳಿದೆ. ಎಸಿಪಿಯ ಹೊಟ್ಟೆಯಲ್ಲಿರುವುದು ಪ್ಲಾಸ್ಟಿಕ್. ಜಾಸ್ತಿ ಬಿಗಿದರೆ ಸ್ಕ್ರೂ ಸುತ್ತ ಗುಳಿ ಬೀಳುತ್ತದೆ. ಕೊನೆಯ ಸುತ್ತನ್ನು ಕೈಯಲ್ಲೇ ಹಾಕಿದೆವು.

ಗೋಡೆ ಕೊರೆಯುವಾಗ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಡ್ರಿಲ್ ಒಳಗೆ ಹೋಗುತ್ತಿದ್ದಂತೆ ಬೂದು ಬಣ್ಣದ ಪುಡಿ ಉದುರಿತು. ಸ್ವಲ್ಪ ಹೊತ್ತಿಗೆ ಪುಡಿ ಕೆಂಪಾಯಿತು. ‘ಈಗ ಇಟ್ಟಿಗೆ ಬಂತು, ನಮ್ಮ ಅಳತೆ ಇಲ್ಲಿಂದ ಶುರು’ ಅಂದೆ. ಕೆಂಪು ಪುಡಿ ಶುರುವಾದ ಮೇಲೆ 80 ಮಿಲಿಮೀಟರ್ ಕೊರೆದೆವು. ಅಂಥ 8 ತೂತು. ಊದಿ, ಬ್ರಶ್ ಹಾಕಿ, ಮತ್ತೆ ಊದಿ ಪುಡಿಯನ್ನೆಲ್ಲ ತೆಗೆದೆವು. ಈ ಸಲ ಹಾಕಿದ್ದು ಕೆಮಿಕಲ್ ಆಂಕರ್, ಅಂದರೆ ತೂತಿಗೆ ಅಂಟು ತುಂಬಿ ಅದರಲ್ಲಿ ರಾಡ್ ಕೂರಿಸುವುದು. ಪುಡಿ ಉಳಿದರೆ ಆ ಅಂಟು ಪುಡಿಯನ್ನು ಹಿಡಿಯುತ್ತದೆ, ಇಟ್ಟಿಗೆಯನ್ನಲ್ಲ. ಹಿಗ್ಗಿ ಹಿಡಿಯುವ ಆಂಕರ್ ಬೋಲ್ಟ್ ಕಾಂಕ್ರೀಟಿಗೆ ಚೆನ್ನ. ಇಟ್ಟಿಗೆಯನ್ನು ಅದು ಸೀಳಿಬಿಡಬಹುದು ಅಂತ ಇಲ್ಲಿ ಬಳಸಲಿಲ್ಲ. ಅಂಟು ಗಟ್ಟಿಯಾಗುವವರೆಗೆ ಆ ರಾಡುಗಳನ್ನು ಯಾರೂ ಮುಟ್ಟಲಿಲ್ಲ. ಬೆಂಚನ್ನೂ ಆ ಹೊತ್ತಿಗೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಸಿದ್ದೆವು.

ಗಾಳಿ ಆಡಲಿ ಅಂತ ಗೋಡೆಗೂ ಫ್ರೇಮಿಗೂ ನಡುವೆ 25 ಮಿಲಿಮೀಟರ್ ಸ್ಪೇಸರ್ ಕೊಟ್ಟು ಸಂದಿ ಬಿಟ್ಟೆವು. ಪೈಪಿನ ತುದಿಗಳಿಗೆಲ್ಲ ಮುಚ್ಚಳ, ಕೆಳಗಿನ ಪೈಪಿನ ಅಡಿಗೆ ಮೂರು ಕಡೆ ತೂತು.

ಎಲ್ಲ ಬಿಗಿದಾದ ಮೇಲೆ ಹುಡುಗ ಒಂದು ಬಕೆಟ್ ನೀರು ತಂದ. ಏಣಿ ಹತ್ತಿ ಬೋರ್ಡಿನ ಹಿಂದಿನ ಸಂದಿಗೆ ಮೆಲ್ಲಗೆ ಸುರಿದ. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಗೋಡೆಯ ಮೇಲೆ ಹರಿದ ನೀರು ಕೆಳಗಿನ ಸಂದಿಯಿಂದ ನೇರ ಇಳಿಯಿತು. ಪೈಪಿನ ಮೂರು ತೂತುಗಳಿಂದ ಏನೂ ಬರಲಿಲ್ಲ. ಒಳಗೆ ನೀರು ಹೋಗಿಲ್ಲ ಅಂತ ಖಾತ್ರಿಯಾಯಿತು. ಅರ್ಧ ಗಂಟೆ ಬಿಟ್ಟು ಸಂದಿಗೆ ಟಾರ್ಚ್ ಹಿಡಿದರೆ ಗೋಡೆ ಒಣಗುತ್ತಾ ಬಂದಿತ್ತು.

ಮನೆಗೆ ಬಂದು ಹಳೇ ನೋಟ್‌ಬುಕ್ ತೆಗೆದೆ. ಆ ವರ್ಷ ಅದೇ ಪ್ಲಗ್, ಅದೇ ಪೈಪ್ ಬಳಸಿ ಹಾಕಿದ ಬೋರ್ಡುಗಳು 11. ಮರುದಿನದಿಂದ ಒಂದೊಂದಾಗಿ ನೋಡಲು ಹೊರಟೆ. ಕರೆಯದೆ ಬಂದಿದ್ದಕ್ಕೆ ಕೆಲವರಿಗೆ ಆಶ್ಚರ್ಯ. ವಿಷಯ ಬಿಡಿಸಿ ಹೇಳಿದೆ. ಇಲ್ಲಿಯವರೆಗೆ 7 ನೋಡಿದ್ದೇನೆ. ಅದರಲ್ಲಿ 3 ಬೋರ್ಡುಗಳನ್ನು ಇಳಿಸಿ ಮತ್ತೆ ಕಟ್ಟಬೇಕಾಯಿತು. ಇನ್ನೂ ನೋಡದ ನಾಲ್ಕರಲ್ಲಿ ಒಂದು ಬಸ್ ನಿಲ್ಲುವ ಜಾಗದ ಮೇಲಿದೆ. ನಾಳೆ ಬೆಳಗ್ಗೆ ಮೊದಲು ಅಲ್ಲಿಗೆ ಹೋಗುತ್ತೇವೆ.