ಮಡ್ ಫ್ಲ್ಯಾಪ್ ನಾನೇ ಹಾಕಿದೆ

ಇವತ್ತು ಕಾರಿಗೆ ಮಡ್ ಫ್ಲ್ಯಾಪ್ (ಚಕ್ರದ ಹಿಂದೆ ಕೆಸರು ಸಿಡಿಯದಂತೆ ತಡೆಯುವ ಪಟ್ಟಿ) ನಾನೇ ಹಾಕಿದೆ. ಕಂಪನಿಯದ್ದೇ ಮಾಲು, ಬಿಡಿಯಾಗಿ ತಗೊಂಡದ್ದು. ಫಿಟ್ಟಿಂಗ್ ಚಾರ್ಜು ಉಳಿಯಿತು.

ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದ ಹಿಂದೆ ಕೈ ಹೋಗುವಷ್ಟು ಜಾಗ ಸಿಗುತ್ತದೆ, ಚಕ್ರ ಬಿಚ್ಚಲೇ ಇಲ್ಲ. ಅಲ್ಲಿದ್ದ ಸ್ಕ್ರೂ ತೆಗೆದು, ಫ್ಲ್ಯಾಪ್ ಇಟ್ಟು, ಅದೇ ತೂತಿಗೆ ಬಿಗಿ ಮಾಡಿದರಾಯಿತು. ಆದ್ರೆ ಅದಕ್ಕೂ ಮೊದಲು ಕೆಂಪು ಮಣ್ಣು ಕೆರೆಯಬೇಕು. ಚಕ್ರದ ಗೂಡಿನ ಒಳಗಿರುವ ಪ್ಲಾಸ್ಟಿಕ್ ಹೊದಿಕೆಯ, ಅಂದ್ರೆ ಲೈನರಿನ, ಅಂಚಿನಲ್ಲಿ ಒಣಗಿ ಇಟ್ಟಿಗೆ ತರ ಕೂತಿತ್ತು, ಹಳೇ ಟೂತ್‌ಬ್ರಷ್ ಹಿಡಿದು ಉಜ್ಜಿ ಉಜ್ಜಿ ತೆಗೆದೆ. ಇಷ್ಟು ದಿನ ಓಡಿಸಿದ ಕಾರಿನ ಆ ಮೂಲೆಯನ್ನು ನೋಡಿದ್ದು ಇವತ್ತೇ.

ಕಂಪನಿಯದ್ದೇ ಬೇಕು ಅಂತ ಹಟ ಹಿಡಿದದ್ದು ಆ ತೂತಿಗಾಗಿ. ಹೊರಗಿನ ಫ್ಲ್ಯಾಪಿಗೆ ಕೆಲವರು ಡ್ರಿಲ್ ಹಿಡಿದು ಕಾರಿನ ಬಾಡಿಗೇ ತೂತು ಹೊಡೆಯುತ್ತಾರೆ. ಉಡುಪಿಯ ಉಪ್ಪು ಗಾಳಿಗೆ ಬಣ್ಣ ಹೋದ ತಗಡು ತುಕ್ಕು ಹಿಡಿಯದೆ ಇರುತ್ತದಾ? ಅದರ ಮೇಲೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ.

ಡೋರ್ ವೈಸರ್, ಅಂದ್ರೆ ಕಿಟಕಿಯ ಮೇಲಂಚಿನಲ್ಲಿ ಮಳೆ ತಡೆಯುವ ಪಟ್ಟಿ, ಬಾಕಿ ಇದೆ. ಅದು ಅಂಟಿಸುವ ಕೆಲಸ, ಫ್ರೇಮಿನಲ್ಲಿ ಚೂರೂ ತೇವ, ಎಣ್ಣೆ ಇರಬಾರದು, ಅಂಟಿಸಿದ ಮೇಲೂ ಟೇಪು ಪೂರ್ತಿ ಹಿಡಿಯಲು 72 ಗಂಟೆ ಬೇಕು. ಅಂದ್ರೆ ಮಳೆ ಶುರುವಾಗುವ ಮೊದಲೇ ಮುಗಿಸಬೇಕು, ಅಲ್ವಾ?

ಫಾಗ್ ಲ್ಯಾಂಪ್, ಕ್ಯಾಮೆರಾ ಅಂಥವನ್ನು ಮಾತ್ರ ದುಡ್ಡು ಕೊಟ್ಟೇ ಮಾಡಿಸುತ್ತೇನೆ. ವಯರಿಗೆ ಕತ್ತರಿ ಹಾಕಿದರೆ ವಾರಂಟಿಯ ತಕರಾರು ಬರಬಹುದು. ಸ್ಕ್ರೂ ತಿರುಗಿಸುವ ಕೆಲಸಕ್ಕೆ ಸುಮ್ನೆ ಯಾಕೆ ಕೊಡಬೇಕು? ನಿಮ್ಮಲ್ಲಿ ಯಾರಾದರೂ ವೈಸರ್ ಹಾಕಿಕೊಳ್ಳುವುದಿದ್ದರೆ ಈ ಭಾನುವಾರ ಬನ್ನಿ, ಸೇರಿ ಹಾಕುವ.