ಒಂದು ಕಾಲಂ ನಂಬಿ ದೇಶ ಅಳೆಯಬೇಡಿ

ಒಂದು ದೇಶದ ಹಣಕಾಸು ವ್ಯವಸ್ಥೆ ಎಷ್ಟು ಆಳವಾಗಿದೆ ಅಂತ ಅಳೆಯೋಕೆ ಹೆಚ್ಚಿನವರು ಹಿಡಿಯುವ ಅಳತೆಗೋಲು ಒಂದೇ. ಖಾಸಗಿಯವರಿಗೆ ಕೊಟ್ಟ ಸಾಲ ಜಿಡಿಪಿಯ ಶೇಕಡಾ ಎಷ್ಟು? ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವಳು. ವಿಶ್ವಬ್ಯಾಂಕಿನ ಈ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಗೆರೆ ಎಳೆಸುವುದು ನನ್ನ ಹವ್ಯಾಸ.

ಅಲ್ಲಿ ಒಂದೇ ಥರ ಕಾಣುವ ಎರಡು ಕಾಲಂ ಇವೆ. ಒಂದರಲ್ಲಿ ಬ್ಯಾಂಕುಗಳ ಸಾಲ ಮಾತ್ರ, ಇನ್ನೊಂದರಲ್ಲಿ ಬೇರೆ ಹಣಕಾಸು ಸಂಸ್ಥೆಗಳ ಸಾಲವೂ ಸೇರಿದೆ. ಮೊದಲನೆಯದರಲ್ಲಿ 2019ರ ಸಾಲು ನೋಡಿ. ಭಾರತ ಶೇ 50ರ ಆಸುಪಾಸು. ಅಮೆರಿಕವೂ ಹೆಚ್ಚುಕಮ್ಮಿ ಅಷ್ಟೇ! ಚೀನಾ ಶೇ 160 ದಾಟಿದೆ. ಎರಡನೇ ಕಾಲಂಗೆ ಬಂದರೆ ಅಮೆರಿಕ ಶೇ 190ರ ಹತ್ತಿರಕ್ಕೆ ಜಿಗಿಯುತ್ತದೆ. ಅಲ್ಲಿನ ಬ್ಯಾಂಕು ಮನೆ ಸಾಲ ಕೊಟ್ಟು ಸುಮ್ನೆ ಇಟ್ಟುಕೊಳ್ಳುವುದಿಲ್ಲ. 1938ರ ಫ್ಯಾನಿ ಮೇ, 1970ರ ಫ್ರೆಡ್ಡಿ ಮ್ಯಾಕ್‌ನಂಥ ಸಂಸ್ಥೆಗಳು ಆ ಸಾಲಗಳನ್ನು ಕೊಂಡು, ಒಟ್ಟುಗೂಡಿಸಿ, ಬಾಂಡ್ ಮಾಡಿ ಮಾರುತ್ತವೆ. ಸಾಲ ಇದ್ದೇ ಇದೆ, ಬ್ಯಾಂಕಿನ ಲೆಕ್ಕದಲ್ಲಿ ಇಲ್ಲ.

ನಮ್ಮ ಹಳೆಯ ಗೆರೆ ಇನ್ನೂ ಮಜವಾಗಿದೆ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ದೇಶದಲ್ಲಿ ಇದ್ದದ್ದು 8 ಸಾವಿರ ಚಿಲ್ಲರೆ ಶಾಖೆ. 1990ಕ್ಕೆ ಸುಮಾರು 60 ಸಾವಿರ. ಶಾಖೆ ಏಳು ಪಟ್ಟಾದರೂ ಸಾಲದ ಪ್ರಮಾಣ ಶೇ 10ರ ಸುತ್ತಮುತ್ತಲಿಂದ ಶೇ 25ರ ಹತ್ತಿರ ಬಂತು, ಅಷ್ಟೇ. ಮತ್ತೆ ದುಡ್ಡೆಲ್ಲಿ ಹೋಯಿತು? ಸರ್ಕಾರಕ್ಕೆ. 1990ರಲ್ಲಿ ಎಸ್‌ಎಲ್‌ಆರ್ (ಬ್ಯಾಂಕು ಹೆಚ್ಚಾಗಿ ಸರ್ಕಾರಿ ಬಾಂಡಿನಲ್ಲಿ ಇಡಲೇಬೇಕಾದ ಪಾಲು) ಶೇ 38.5, ಸಿಆರ್‌ಆರ್ (ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿ ಇಡಲೇಬೇಕಾದ ಪಾಲು) ಶೇ 15. ಜನ ಇಟ್ಟ ನೂರು ರೂಪಾಯಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರಿ ಬಾಂಡಿಗೆ, ರಿಸರ್ವ್ ಬ್ಯಾಂಕಿಗೆ ಹೋಗಿಬಿಡುತ್ತಿತ್ತು. ಉಳಿದದ್ದರಲ್ಲಿ ತಾನೇ ಸಾಲ ಕೊಡಬೇಕು? 1997ಕ್ಕೆ ಎಸ್‌ಎಲ್‌ಆರ್ ಶೇ 25ಕ್ಕೆ ಇಳಿಯಿತು. 2000ದ ನಂತರದ ಹತ್ತು ವರ್ಷದಲ್ಲಿ ಗೆರೆ ಶೇ 50 ಮುಟ್ಟಿತು.

ಠೇವಣಿಯ ಕಡೆ ಈ ಗೆರೆ ತಿರುಗಿಯೂ ನೋಡುವುದಿಲ್ಲ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಗೆ ಸಂಜೆ ಪಿಗ್ಮಿಯವರು, ಅಂದರೆ ದಿನದಿನದ ಸಣ್ಣ ಠೇವಣಿ ಸಂಗ್ರಹಿಸುವವರು, ಬರುತ್ತಾರೆ. ಗಲ್ಲಾದಿಂದ ನೂರು ರೂಪಾಯಿ ತೆಗೆದುಕೊಟ್ಟರೆ, ಕೈಯಲ್ಲಿರುವ ಪುಟ್ಟ ಮಶೀನಿನಿಂದ ರಸೀದಿ ಹರಿದುಕೊಟ್ಟು ಪಕ್ಕದ ಹೂವಿನ ಅಂಗಡಿಗೆ ಹೋಗುತ್ತಾರೆ. 1928ರಲ್ಲಿ ಇದನ್ನು ಶುರುಮಾಡಿದ್ದು ಇದೇ ಉಡುಪಿಯ ಬ್ಯಾಂಕು, ಮುಂದೆ ಸಿಂಡಿಕೇಟ್ ಆದದ್ದು. ಆಗ ದಿನಕ್ಕೆ ಎರಡಾಣೆಯಾದರೂ ಸಾಕಿತ್ತು. ಇಂಥ ಊರಿನ ಬ್ಯಾಂಕಿಂಗನ್ನು ಸಾಲದ ಕಾಲಂ ಮಾತ್ರ ನೋಡಿ ಅಳೆದರೆ ನನಗಂತೂ ಸಿಟ್ಟು ಬರುತ್ತದೆ.

ಇನ್ನು 2020. ನಮ್ಮ ಗೆರೆ ಆ ವರ್ಷ ಶೇ 55ರ ಹತ್ತಿರಕ್ಕೆ ಏರಿತು. ಸಾಲ ಭರ್ಜರಿಯಾಗಿ ಹೆಚ್ಚಿತ್ತಾ? ಇಲ್ಲ. ಕೊರೊನಾದಿಂದ ಜಿಡಿಪಿ ಕುಗ್ಗಿತ್ತು. ಛೇದ ಚಿಕ್ಕದಾದರೆ ಭಾಗಲಬ್ಧ ದೊಡ್ಡದಾಗಲೇಬೇಕು, ಹೈಸ್ಕೂಲ್ ಲೆಕ್ಕ ಅಲ್ವಾ? ಆದರೂ ಪ್ರತಿ ವರ್ಷ ನನ್ನ ಮಕ್ಕಳಲ್ಲಿ ಒಬ್ಬರಾದರೂ ಉತ್ತರಪತ್ರಿಕೆಯಲ್ಲಿ ಅದನ್ನು ‘ಪ್ರಗತಿ’ ಅಂತ ಬರೆದಿರುತ್ತಾರೆ. ಅರ್ಧ ಮಾರ್ಕ್ಸ್ ಕಟ್.