ಸಂಜೆ ಆರೂವರೆಯ ಗೊರ್ರ್

2024ರ ದೀಪಾವಳಿ ಮುಗಿದ ವಾರ ಶುರುವಾಯಿತು ಇದು. ನನಗೆ ಹ್ಯಾಮ್ ರೇಡಿಯೊ ಹುಚ್ಚು, ಅಂದರೆ ಲೈಸೆನ್ಸ್ ಪಡೆದು ಮನೆಯಿಂದಲೇ ದೂರದೂರದವರ ಜೊತೆ ರೇಡಿಯೊದಲ್ಲಿ ಮಾತಾಡುವ ಹವ್ಯಾಸ. ಸಂಜೆ ಆರೂವರೆ ಆಯಿತೆಂದರೆ ನನ್ನ ರೇಡಿಯೊ ಗೊರ್ರ್ ಅನ್ನುತ್ತಿತ್ತು. ಪಕ್ಕದ ಬೀದಿಯ ಹಿಟ್ಟಿನ ಗಿರಣಿ ಕೇಳಿಸಿದ ಹಾಗೆ. ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನ ಮುಳ್ಳು 9ಕ್ಕೆ ಹೋಗಿ ಕೂತರೆ ರಾತ್ರಿ ಹತ್ತರವರೆಗೂ ಏಳುತ್ತಿರಲಿಲ್ಲ.

ನಾನಿರುವುದು ಶಿವಮೊಗ್ಗದಲ್ಲಿ. ತಾರಸಿ ಮೇಲೆ 40 ಮೀಟರ್ ಬ್ಯಾಂಡಿನ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನ, ಡೈಪೋಲ್ ಆಂಟೆನಾ ಕಟ್ಟಿದ್ದೇನೆ. ಡೈಪೋಲ್ ಅಂದರೆ ಭಾರಿ ವಿದ್ಯೆಯೇನಲ್ಲ, ಎರಡು ತುಂಡು ವೈರು ಅಷ್ಟೇ. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ 20 ಮೀಟರ್ ಚಿಲ್ಲರೆ, ಆ ಕಡೆ 10, ಈ ಕಡೆ 10. ನಡುವೆ ಎತ್ತಿ ಹಿಡಿಯಲು ಊರಿಂದ ತಂದ ಹಳೆಯ ಬಿದಿರಿನ ದೋಟಿ. ಅಡಿಕೆ ಕೊಯ್ಯಲು ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ನೋಡಿದರೆ ಹ್ಯಾಮ್‌ಗಳಿಗೆ ಆಸೆಯಾಗುತ್ತದೆ. ಅಷ್ಟು ಉದ್ದ, ಅಷ್ಟು ಹಗುರ. ಆದರೆ ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಆಂಟೆನಾ ಪಕ್ಕ ನಿಲ್ಲಿಸಿದರೆ ಟ್ಯೂನಿಂಗ್ ಕೆಡುತ್ತದೆ. ಕರೆಂಟ್ ಲೈನ್ ಹತ್ತಿರವಂತೂ ತರಲೇಬಾರದು. ಬಿದಿರೇ ವಾಸಿ.

ಹಗಲು ಹೊತ್ತು ಈ ಬ್ಯಾಂಡಿನಲ್ಲಿ ಬೆಂಗಳೂರು, ಮಂಗಳೂರು, ಕೊಯಮತ್ತೂರು ಪಕ್ಕದ ಮನೆಯಷ್ಟು ಸಲೀಸು. ಸೂರ್ಯ ಮುಳುಗಿದ ಮೇಲೆ ರೇಡಿಯೊ ಅಲೆಗಳನ್ನು ನೆಲಕ್ಕೆ ವಾಪಸು ಕಳಿಸುವ ಅಯಾನೋಸ್ಫಿಯರಿನಲ್ಲಿ, ಹಗಲು ಸಿಗ್ನಲ್ ನುಂಗುವ ಕೆಳಗಿನ ಡಿ ಪದರ ಕರಗುತ್ತದೆ. ಆಗ ಇಂಡೋನೇಷ್ಯಾ, ರಷ್ಯಾ ಎಲ್ಲ ತೆಳ್ಳಗೆ ಬರತೊಡಗುತ್ತವೆ. ಆಫೀಸಿಂದ ಬಂದು ಕಾಫಿ ಹಿಡಿದು ಕೂರುವುದೇ ಅದಕ್ಕಾಗಿ. ಸರಿಯಾಗಿ ಆ ಹೊತ್ತಿಗೇ ಗಿರಣಿ.

ಮೊದಲು ನಾನು ಬೈದಿದ್ದು ಸೂರ್ಯನನ್ನ. ಕಾರಣವೂ ಇತ್ತು. ಆ ವರ್ಷ ಮೇ ತಿಂಗಳಲ್ಲಿ ಸೂರ್ಯನಿಂದ ಜಿ5, ಅಂದರೆ ಅತಿ ಹೆಚ್ಚಿನ ಮಟ್ಟದ ಭೂಕಾಂತೀಯ ಬಿರುಗಾಳಿ ಬಂದು, ಲಡಾಖಿನ ಹಾನ್ಲೆಯ ಆಕಾಶ ಕೆಂಪಾದ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು. ಅಕ್ಟೋಬರಿನಲ್ಲಿ ನಾಸಾದವರು ಸೂರ್ಯನ ಚಟುವಟಿಕೆ ಏರಿಳಿಯುವ 25ನೇ ಸೌರಚಕ್ರ ಗರಿಷ್ಠ ಹಂತ ಮುಟ್ಟಿದೆ ಅಂದಿದ್ದರು. ಹ್ಯಾಮ್‌ಗಳು ರೇಡಿಯೊದಲ್ಲೇ ಸೇರುವ ಬೆಳಗಿನ 'ನೆಟ್‌'ನಲ್ಲಿ ನಾನು ದೊಡ್ಡ ವಿಜ್ಞಾನಿಯ ಹಾಗೆ ಇದನ್ನೆಲ್ಲ ಒಪ್ಪಿಸಿದೆ. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಕೇಳಿಸಿಕೊಂಡರು. ಹ್ಯಾಮ್‌ಗಳಲ್ಲಿ ವಯಸ್ಸು ಎಷ್ಟೇ ಇರಲಿ, ಗಂಡಸರನ್ನೆಲ್ಲ ಕರೆಯುವುದು 'ಓಎಂ', ಓಲ್ಡ್ ಮ್ಯಾನ್, ಅಂತಲೇ.

"ಓಎಂ, ಸೂರ್ಯ ಸಿಟ್ಟಾದರೆ ಸಿಗ್ನಲ್ ನುಂಗುತ್ತಾನೆ. ಬ್ಯಾಂಡ್ ಸತ್ತ ಹಾಗೆ ಸುಮ್ಮನಾಗುತ್ತೆ. ಗಿರಣಿ ನಡೆಸಲ್ಲ. ಅದೂ ಮುಳುಗಿದ ಮೇಲೆ?"

ಆಮೇಲೆ ಬೀದಿದೀಪದ ಮೇಲೆ ಅನುಮಾನ. ಅದೂ ಆರೂವರೆಗೇ ಹತ್ತುವುದಲ್ವಾ? ಆದರೆ ಅದು ಬೆಳಗಿನವರೆಗೆ ಉರಿಯುತ್ತದೆ, ಸದ್ದು ಹತ್ತಕ್ಕೆ ನಿಲ್ಲುತ್ತದೆ. ಹಾಗಾಗಿ ಅದನ್ನು ಬಿಟ್ಟು ಪಕ್ಕದ ಮನೆಯವರ ಹೊಸ ಸೋಲಾರ್ ಇನ್ವರ್ಟರ್ ಹಿಡಿದುಕೊಂಡೆ. ಒಂದು ಸಂಜೆ ಏಳು ಗಂಟೆಗೆ ಹೋಗಿ, ಐದು ನಿಮಿಷ ಆಫ್ ಮಾಡ್ತೀರಾ ಅಂತ ಕೇಳಿಯೂ ಬಿಟ್ಟೆ. ಪಾಪ, ಊಟಕ್ಕೆ ಕೂತವರು ಎದ್ದು ಬಂದು ಆಫ್ ಮಾಡಿದರು. ಏನೂ ಬದಲಾಗಲಿಲ್ಲ. ಬ್ಯಾಟರಿ ಇಲ್ಲದ ಸೋಲಾರ್ ಇನ್ವರ್ಟರ್ ಕತ್ತಲಾದ ಮೇಲೆ ನಿದ್ದೆ ಮಾಡುತ್ತದೆ ಅನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು.

ನಮ್ಮ ಮನೆಯನ್ನು ನಾನು ಮೊದಲ ವಾರವೇ ಪಾಸು ಮಾಡಿದ್ದೆ. ರೇಡಿಯೊವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಇಳಿಸಿ ನೋಡಿದ್ದೆ. ಸದ್ದು ಹಾಗೇ ಇತ್ತು. ತಪ್ಪು ನಮ್ಮದಲ್ಲ ಅಂತ ಮೂರು ತಿಂಗಳು ಊರನ್ನೆಲ್ಲ ಅನುಮಾನಿಸಿದೆ.

ಫೆಬ್ರವರಿಯ ಒಂದು ಭಾನುವಾರ ಅದೇ ಹಿರಿಯರಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವರು ಪೂರ್ತಿ ಕೇಳಿ ಒಂದೇ ಮಾತು ಅಂದರು. "ಮೇನ್ ಇಳಿಸಿದಿರಿ ಸರಿ ಮಾರಾಯ್ರೆ. ಮನೆಯಲ್ಲಿ ಯುಪಿಎಸ್ ಇದೆಯಾ?"

ಇದೆ. ಮೇನ್ ಇಳಿಸಿದ ತಕ್ಷಣ ಅದು ಟಕ್ ಅಂತ ಎದ್ದು, ಅರ್ಧ ಮನೆಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಅವತ್ತು ನಾನು ಕತ್ತಲಲ್ಲಿ ಪರೀಕ್ಷೆ ಮಾಡಿರಲೇ ಇಲ್ಲ. ತಲೆ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು, ನೋಡಿಯೂ ನೋಡಿರಲಿಲ್ಲ.

ಆ ಸಂಜೆ ಮಗಳನ್ನು ಯುಪಿಎಸ್ ಹತ್ತಿರ ನಿಲ್ಲಿಸಿ ನಾನು ಮಹಡಿಗೆ ಹೋದೆ. ಮೇನ್ ಇಳಿಯಿತು. ಗೊರ್ರ್ ಹಾಗೇ ಇತ್ತು. "ಈಗ ಅದನ್ನೂ ಆಫ್ ಮಾಡು ಪುಟ್ಟಿ" ಅಂದೆ. ಮನೆಯೆಲ್ಲ ಕತ್ತಲು. ಮೀಟರಿನ ಮುಳ್ಳು ಕಾಲು ಜಾರಿದ ಹಾಗೆ 3ಕ್ಕೆ ಬಿತ್ತು. ಸ್ಪೀಕರಿನಲ್ಲಿ ಬರೀ ಸಣ್ಣ ಮಳೆಯಂಥ ಸರಸರ. ಅದರ ಕೆಳಗೆ ಎಲ್ಲೋ ದೂರದ ಮೋರ್ಸ್ ಸಂಕೇತದ ಟಿಕ್ ಟಿಕ್, ಕೊಡ ತೊಟ್ಟಿಕ್ಕಿದ ಹಾಗೆ. ಮೂರು ತಿಂಗಳು ಇದು ಅಲ್ಲೇ ಇತ್ತಲ್ಲ ಅನ್ನಿಸಿತು. ಎಸ್ ಮೀಟರಿನ ಒಂದು ಮೆಟ್ಟಿಲು ಅಂದರೆ 6 ಡೆಸಿಬೆಲ್. ಆರು ಮೆಟ್ಟಿಲು ಇಳಿದರೆ 36 ಡೆಸಿಬೆಲ್, ಅಂದರೆ ಸದ್ದಿನ ಶಕ್ತಿ 4000ದಲ್ಲಿ ಒಂದು ಪಾಲು. ನನ್ನ ಮೀಟರ್ ಅಷ್ಟು ನಿಖರವಲ್ಲ, ಆದರೂ ಲೆಕ್ಕ ಹಾಕಿ ಖುಷಿಪಟ್ಟೆ.

ಕರೆಂಟ್ ಹಾಕಿ, ಅಪ್ಪನ ಹಳೆಯ ಟ್ರಾನ್ಸಿಸ್ಟರ್ ತೆಗೆದೆ. ಅಪ್ಪ ಅದರಲ್ಲಿ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಕೇಳುತ್ತಿದ್ದರು. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಕೈಯಲ್ಲಿ ಹಿಡಿದು ಮನೆ ಸುತ್ತಿದರಾಯಿತು. ಇದಕ್ಕಿಂತ ಒಳ್ಳೆಯ ಪತ್ತೇದಾರ ಇಲ್ಲ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ (ಕಾಂತಕ್ಕೆ ಅಂಟುವ ಕಪ್ಪು ವಸ್ತು) ತುದಿ ಸದ್ದಿನ ಮೂಲದ ಕಡೆ ತಿರುಗಿದಾಗ ಸದ್ದು ಕುಗ್ಗುತ್ತದೆ, ಅದರಿಂದ ದಿಕ್ಕೂ ಗೊತ್ತಾಗುತ್ತದೆ. ರೂಟರ್ ಹತ್ತಿರ ಸ್ವಲ್ಪ ಗೊಣಗಿತು. ಟಿವಿ ಹತ್ತಿರ ಇನ್ನೊಂಚೂರು. ದೇವರ ಮನೆ ಬಾಗಿಲಿಗೆ ಬಂದಾಗ ಟ್ರಾನ್ಸಿಸ್ಟರ್ ಅರಚಿಕೊಂಡಿತು.

ಮಂಟಪದ ಸುತ್ತ ಎಲ್‌ಇಡಿ ಸ್ಟ್ರಿಪ್. ದೀಪಾವಳಿಗೆ ನಾನೇ ತಂದು, ನಾನೇ ಅಂಟಿಸಿದ್ದು. ಸಂಜೆ ದೀಪ ಹಚ್ಚುವಾಗ ಅಮ್ಮ ಅದರ ಸ್ವಿಚ್ಚೂ ಹಾಕುತ್ತಾರೆ, ಮಲಗುವಾಗ ತೆಗೆಯುತ್ತಾರೆ. ಆರೂವರೆ, ಹತ್ತು.

ತಪ್ಪು ಸ್ಟ್ರಿಪ್ಪಿನದಲ್ಲ, ಅದರ ಅಡಾಪ್ಟರಿನದು. ಪ್ಲಗ್ಗಿನಿಂದ ತೆಗೆದು, ಒಂದು ರಾತ್ರಿ ಹಾಗೇ ಬಿಟ್ಟು ಬಿಚ್ಚಿದೆ. ಈ ಅಡಾಪ್ಟರುಗಳು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೆಲಸ ಮಾಡುತ್ತವೆ. ಆ ಕತ್ತರಿಯ ಸದ್ದು ಮೇಲಿನ ಬ್ಯಾಂಡುಗಳಿಗೆಲ್ಲ ಹಬ್ಬದಿರಲಿ ಅಂತ ಒಳಗೆ ಒಂದು ಫಿಲ್ಟರ್ ಇರಬೇಕು. ಬೋರ್ಡಿನ ಮೇಲೆ ಆ ಫಿಲ್ಟರಿನ ಕಾಯಿಲ್ ಕೂರುವ ಜಾಗ ಅಚ್ಚಾಗಿತ್ತು. ಕಾಯಿಲ್ ಇರಲಿಲ್ಲ. ಬದಲಿಗೆ ಎರಡು ತುಂಡು ತಂತಿ ಬೆಸುಗೆ ಹಾಕಿದ್ದರು. ಐದು ಮೀಟರ್ ಸ್ಟ್ರಿಪ್ ಆ ಸದ್ದಿಗೆ ಒಳ್ಳೆಯ ಆಂಟೆನಾ ಆಗಿತ್ತು, ನನ್ನ ಡೈಪೋಲಿಗೆ ಸರಿಯಾಗಿ ಕೆಳಗೆ.

ಸದ್ದು ತಡೆಯಲು ಅಡಾಪ್ಟರಿನ ತಂತಿಗೆ ಕ್ಲಿಪ್ಪಿನಂಥ ಫೆರೈಟ್ ಒಂದನ್ನು ಸಿಕ್ಕಿಸಿ ನೋಡಿದೆ, ಏನೂ ಆಗಲಿಲ್ಲ. ಒಂದೇ ಸಲ ಹಾಯ್ದರೆ 7 ಮೆಗಾಹರ್ಟ್ಸಿನಲ್ಲಿ ಅದು ಲೆಕ್ಕಕ್ಕಿಲ್ಲ, ಸುತ್ತು ಹಾಕಬೇಕು. 31 ಮಿಕ್ಸ್ ಅನ್ನುವ ಬಗೆಯ ಫೆರೈಟಿನ ದೊಡ್ಡ ಬಳೆಗೆ ಎರಡೂ ತಂತಿ ಸೇರಿಸಿ ಹತ್ತು ಸುತ್ತು ಸುತ್ತಿದ ಮೇಲೆ 5ಕ್ಕೆ ಇಳಿಯಿತು. ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಅಪ್ಪನ ಟೇಪ್‌ರೆಕಾರ್ಡರಿನ ಹಳೆಯ ಅಡಾಪ್ಟರ್ ಅಟ್ಟದಲ್ಲಿತ್ತು. ಒಳಗೆ ಟ್ರಾನ್ಸ್‌ಫಾರ್ಮರ್, ಕೈಯಲ್ಲಿ ಹಿಡಿದರೆ ಇಟ್ಟಿಗೆಯಷ್ಟು ಭಾರ. 12 ವೋಲ್ಟಿನದು ಇರಲಿಲ್ಲ, 9ರದೇ ಹಾಕಿದೆ. ಮುಳ್ಳು 3.

ಮರುದಿನ ಸಂಜೆ ಏಳಕ್ಕೆ ಇಂಡೋನೇಷ್ಯಾದ ಒಬ್ಬರು ಕರೆಯುತ್ತಿದ್ದರು, ಸಣ್ಣ ದನಿ, ಆದರೆ ಅಕ್ಷರ ಅಕ್ಷರವೂ ಸ್ಪಷ್ಟ. ಮೈಕ್ ಹಿಡಿದು ನನ್ನ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಗುರುತಿನ ಹೆಸರು, ಹೇಳುವಷ್ಟರಲ್ಲಿ ಕೆಳಗಿಂದ ಅಮ್ಮನ ದನಿ ಬಂತು.

"ದೇವರ ಲೈಟು ಯಾಕೋ ಮಂಕಾಗಿದೆ ಕಣೋ. ಪಕ್ಕದ ಮನೆಯವರ ಸೋಲಾರಿಂದ ಏನಾದರೂ ಆಯ್ತಾ?"

ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಇಂಡೋನೇಷ್ಯಾದವರು ಕಾಯುತ್ತಿದ್ದರು.